ಆಟಿಸಂ ಸಂಶೋಧನಾ ಅನುದಾನ ಮತ್ತು ಅದರ ವರ್ಗೀಕರಣ (ಅಮೆರಿಕ)

ಅಮೆರಿಕದಲ್ಲಿ ಆಟಿಸಂ ಸಂಶೋಧನೆಗೆ ಸರ್ಕಾರ ಕೊಡುವ ಹಣದ ಬಹುಪಾಲು ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ, ಅಂದರೆ ಎನ್‌ಐಎಚ್‌ನ ಮೂಲಕ ಹರಿಯುತ್ತದೆ. ಎಷ್ಟು ಹಣ ಎಂಬುದರಷ್ಟೇ ಜಗಳ ಅದನ್ನು ಯಾವ ಬಾಬ್ತಿನಲ್ಲಿ ಬರೆಯಬೇಕೆಂಬುದರ ಸುತ್ತಲೂ ನಡೆದಿದೆ.

2000ದ ಮಕ್ಕಳ ಆರೋಗ್ಯ ಕಾಯ್ದೆ ಐಎಸಿಸಿ ಎಂಬ ಸಮನ್ವಯ ಸಮಿತಿಗೆ ಜನ್ಮ ಕೊಟ್ಟಿತು. 2006ರ ಡಿಸೆಂಬರ್‌ನಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಮಾಡಿದ ‘ಆಟಿಸಂ ವಿರುದ್ಧ ಹೋರಾಟ’ದ ಕಾಯ್ದೆ ಐದು ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ವೆಚ್ಚಕ್ಕೆ ಅವಕಾಶ ಮಾಡಿತು. ಅವಕಾಶವೆಂದರೆ ಮಂಜೂರಾತಿಯಲ್ಲ, ಹಣ ಕೈಗೆ ಬರಲು ಪ್ರತಿ ವರ್ಷದ ಬಜೆಟ್ಟೇ ಬೇಕು. 2014ರ ನವೀಕರಣದಲ್ಲಿ ಕಾಯ್ದೆಯ ಹೆಸರಿನಿಂದ ‘ಹೋರಾಟ’ ಬಿಟ್ಟುಹೋಯಿತು.

ವರ್ಗೀಕರಣದ ಬೇರು ಸಮಿತಿಯ 2009ರ ಕಾರ್ಯಯೋಜನೆಯಲ್ಲಿದೆ. ಅದು ಸಂಶೋಧನೆಯನ್ನು ಆರು ಪ್ರಶ್ನೆಗಳಾಗಿ ಹಂಚಿತು: ಪತ್ತೆ, ಜೀವವಿಜ್ಞಾನ, ಕಾರಣ, ಚಿಕಿತ್ಸೆ, ಸೇವೆ, ಮುಂದಿನ ಬದುಕು. ಮೂಲಸೌಕರ್ಯ ಮತ್ತು ಸಮೀಕ್ಷೆಯ ಏಳನೆಯದು ಮರುವರ್ಷ ಸೇರಿತು. ಮೊದಲ ಪ್ರಶ್ನೆಗಳ ಮೂಲ ಒಕ್ಕಣೆಯನ್ನು ಓದಿದರೆ ಕೇಳಿಸುವುದು ಗಾಬರಿಗೊಂಡ ತಂದೆತಾಯಿಯ ದನಿ; ಆಟಿಸಂ ಇರುವ ವಯಸ್ಕರದ್ದಲ್ಲ. 2008ರ ಹಣಕಾಸು ವರ್ಷದಿಂದ ಸರ್ಕಾರಿ ಅನುದಾನವನ್ನೂ ಖಾಸಗಿ ಪ್ರತಿಷ್ಠಾನಗಳ ಅನುದಾನವನ್ನೂ ಇದೇ ಪ್ರಶ್ನೆಗಳ ಕೆಳಗೆ ಜೋಡಿಸಿ ಪ್ರಕಟಿಸಲಾಯಿತು. ಒಂದು ಯೋಜನೆ ಒಂದೇ ಪ್ರಶ್ನೆಗೆ ಸೇರಬೇಕು. ಮಿದುಳನ್ನು ಅಧ್ಯಯನ ಮಾಡುತ್ತಲೇ ಔಷಧಿಯ ಸುಳಿವು ಹುಡುಕುವ ಯೋಜನೆಯೂ ಎಲ್ಲೋ ಒಂದು ಕಡೆ ಮಾತ್ರ ಕಾಣಿಸುತ್ತದೆ. ಎನ್‌ಐಎಚ್‌ಗೆ ತನ್ನದೇ ಇನ್ನೊಂದು ಪದ್ಧತಿಯಿದೆ. ಅದರಲ್ಲಿ ಅನುದಾನದ ಪಠ್ಯವನ್ನು ಕಂಪ್ಯೂಟರ್ ಓದಿ ರೋಗವಾರು ಹಂಚುತ್ತದೆ, ಒಂದೇ ಯೋಜನೆ ಹಲವು ಕಡೆ ಎಣಿಕೆಗೆ ಬರಬಹುದು. ಎರಡೂ ಲೆಕ್ಕದ ಮೊತ್ತ ತಾಳೆಯಾಗಲೇಬೇಕೆಂದೇನೂ ಇಲ್ಲ.

ಲೆಕ್ಕ ಬಯಲಾದಾಗ ಅಸಮತೋಲನವೂ ಬಯಲಾಯಿತು. ಹೆಚ್ಚಿನ ವರ್ಷಗಳಲ್ಲಿ ಜೀವವಿಜ್ಞಾನದ್ದೇ ಅತಿ ದೊಡ್ಡ ಪಾಲು. ವಯಸ್ಕರ ಬದುಕಿನ, ಅಂದರೆ ಆರನೆಯ ಪ್ರಶ್ನೆಗೆ ಶೇ. 5ರಷ್ಟೂ ಸಿಗುತ್ತಿರಲಿಲ್ಲ. ಆಟಿಸಂ ಇರುವವರೇ ನಡೆಸುವ ಸಂಘಟನೆಗಳು ಎತ್ತಿ ತೋರಿಸಿದ ಅಂಶವೂ ಇದೇ. ಬ್ರಿಟನ್ನಿನ ಕಥೆಯೂ ಬೇರೆಯಲ್ಲ: ಅಲ್ಲಿ 2013ರಲ್ಲಿ ಹೊರಬಂದ ಅಧ್ಯಯನದಂತೆ 2007ರಿಂದ 2011ರ ನಡುವಿನ ಹಣದಲ್ಲಿ ಶೇ. 56 ಜೀವವಿಜ್ಞಾನ, ಮಿದುಳು, ಗ್ರಹಿಕೆಗೆ. ಸಾಮಾಜಿಕ ವಿಷಯಗಳಿಗೆ ಶೇ. 1.

ಬಾಬ್ತಿನ ಮಾತುಗಳೂ ಬದಲಾದವು. ಮೂರನೇ ಪ್ರಶ್ನೆ ಮೊದಲು ಹೀಗೇಕಾಯಿತು, ತಡೆಯಬಹುದೇ ಎಂದು ಕೇಳುತ್ತಿತ್ತು. 2016–17ರ ಯೋಜನೆಯಲ್ಲಿ ತಡೆಯಬೇಕಾದದ್ದು ಆಟಿಸಂ ಅಲ್ಲ, ಅದರಿಂದ ಬದುಕಿಗೆ ಅಡ್ಡಬರುವ ತೊಡಕುಗಳು ಎಂದಾಯಿತು. 2021–23ರ ಹೊತ್ತಿಗೆ ‘ತಡೆ’ ಎಂಬ ಮಾತೇ ಅಲ್ಲಿಂದ ಹೋಗಿ ಆನುವಂಶಿಕ ಮತ್ತು ಪರಿಸರದ ಅಂಶಗಳಷ್ಟೇ ಉಳಿದವು.