ಬಚ್ಚಲ ಹಂಡೆ, ಕುಚ್ಚಲಕ್ಕಿ, ಸೊನ್ನೆ ಬಿಲ್ಲು: ಮೂರು ತಾಲೂಕುಗಳ ಮನೆಯಿಂಧನದ ಕುರಿತು ಒಂದು ಟಿಪ್ಪಣಿ

ಕರೆಂಟು ಉಳಿಸಿ ಎಂದರೆ ನಮ್ಮವರ ಕೈ ಮೊದಲು ಹೋಗುವುದು ಬಲ್ಬಿನ ಸ್ವಿಚ್ಚಿಗೆ. 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಆಗುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಮನೆಖರ್ಚನ್ನು ನೋಡುವವರು ಬೆಳಕನ್ನು ಬದಿಗಿಟ್ಟು ಬಿಸಿಯ ಕಡೆ, ಅಂದರೆ ಸ್ನಾನದ ನೀರು ಮತ್ತು ಕುಚ್ಚಲಕ್ಕಿ ಅನ್ನದ ಕಡೆ, ಗಮನ ಕೊಡಬೇಕು ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಸ್ನಾನ. ನಾಲ್ಕು ಜನರ ಮನೆ, ತಲೆಗೆ 20 ಲೀಟರಿನ ಒಂದು ಬಾಲ್ದಿ ಎಂದಿಟ್ಟುಕೊಳ್ಳೋಣ. 27 ಡಿಗ್ರಿಯ ಬಾವಿನೀರನ್ನು 42 ಡಿಗ್ರಿಗೆ ಏರಿಸಲು ದಿನಕ್ಕೆ ಸುಮಾರು 1.4 ಯೂನಿಟ್, ತಿಂಗಳಿಗೆ 42 ಯೂನಿಟ್ ಬೇಕು. ಗೀಸರಿನಲ್ಲಿ ಸುಮ್ಮನೆ ಆರಿಹೋಗುವ ಬಿಸಿ ಇದರಲ್ಲಿ ಸೇರಿಲ್ಲ. ಇದೇ ನೀರನ್ನು ಗ್ಯಾಸ್ ಒಲೆಯಲ್ಲಿ ಕಾಯಿಸಿದರೆ, ಒಲೆಯ ದಕ್ಷತೆ ಶೇ. 60 ಎಂದು ಹಿಡಿದಾಗ, ತಿಂಗಳಿಗೆ ಐದೂವರೆ ಕಿಲೋ ಅನಿಲ ಬೇಕು. 14.2 ಕಿಲೋ ಸಿಲಿಂಡರಿನ ಮೂರನೇ ಒಂದು ಪಾಲಿಗಿಂತ ಹೆಚ್ಚು.

ಈ 42 ಯೂನಿಟ್ ಯಾಕೆ ಮುಖ್ಯ ಎಂಬುದು ಮನೆಗಳಿಗೆ ಉಚಿತ ಕರೆಂಟು ಕೊಡುವ ರಾಜ್ಯ ಸರಕಾರದ ಗೃಹಜ್ಯೋತಿಯ ಲೆಕ್ಕ ಹಿಡಿದಾಗ ತಿಳಿಯುತ್ತದೆ. 2023ರ ಜುಲೈ ಬಳಕೆಯಿಂದ ಜಾರಿಯಾದ ಈ ಯೋಜನೆಯಲ್ಲಿ ಉಚಿತದ ಪ್ರಮಾಣವನ್ನು ಹಿಂದಿನ ಹನ್ನೆರಡು ತಿಂಗಳ ಸರಾಸರಿಯ ಮೇಲೆ ಶೇ. 10 ಸೇರಿಸಿ ಗೊತ್ತುಮಾಡಿದ್ದಾರೆ. ಅದನ್ನು ಮೀರಿದ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಸರಾಸರಿ 170 ಯೂನಿಟ್ ಇದ್ದ ಮನೆಗೆ 187 ಯೂನಿಟ್ ಉಚಿತ. ಆ ಮನೆಯವರು ಹಂಡೆ ಬಿಟ್ಟು ಗೀಸರ್ ಹಾಕಿಸಿದರೆಂದರೆ ಬಳಕೆ 212ಕ್ಕೆ ಹೋಗುತ್ತದೆ. ಯೂನಿಟ್‌ಗೆ ಹೆಚ್ಚುಕಡಿಮೆ 6 ರೂಪಾಯಿ ಎಂದರೂ ಸೊನ್ನೆ ಇದ್ದ ಮೆಸ್ಕಾಂ ಕರೆಂಟು ಬಿಲ್ಲು 1,200 ದಾಟಿತು. ನಿಗದಿತ ಶುಲ್ಕ, ತೆರಿಗೆ ಬೇರೆ. ಬಿ.ಸಿ.ರೋಡಿನಲ್ಲೋ ಮೂಡುಬಿದಿರೆ ಪೇಟೆಯಲ್ಲೋ ಹೊಸ ಮೀಟರ್ ಹಾಕಿಸಿಕೊಂಡವರ ಪಾಡು ಇನ್ನೂ ಬಿಗಿ. ಹಳೆಯ ಬಳಕೆಯ ದಾಖಲೆ ಇಲ್ಲದ್ದರಿಂದ ಅವರಿಗೆ ರಾಜ್ಯದ ಸರಾಸರಿ 53ಕ್ಕೆ ಶೇ. 10 ಸೇರಿಸಿ 58 ಯೂನಿಟ್. ಅದರಲ್ಲಿ 42ನ್ನು ಗೀಸರೇ ನುಂಗಿದರೆ ಫ್ರಿಜ್ಜಿಗೂ ಫ್ಯಾನಿಗೂ ಉಳಿಯುವುದು 16.

ಇತ್ತ ತೋಟದ ಮನೆಗಳಲ್ಲಿ ಅಡಿಕೆ ಸಿಪ್ಪೆಯೆಂಬ ಪುಕ್ಕಟೆ ಇಂಧನ ರಾಶಿ ಬಿದ್ದಿರುತ್ತದೆ. ಮಲೆನಾಡಿನ ಕೆಂಪಡಿಕೆಗೆ ಕಾಯಿಯನ್ನು ಹಸಿಯಾಗಿಯೇ ಸುಲಿಯುವುದರಿಂದ ಅಲ್ಲಿ ಸಿಪ್ಪೆಯೂ ಹಸಿ. ರಸ್ತೆಬದಿಯಲ್ಲಿ ರಾಶಿಯಾಗಿ ಕೊಳೆಯುತ್ತದೆ. ನಮ್ಮದು ಚಾಲಿ. ಹಣ್ಣಡಿಕೆಯನ್ನು ಅಂಗಳದಲ್ಲಿ 40-45 ದಿನ ಒಣಗಿಸಿ, ಆಮೇಲೆ ಪುರುಸೊತ್ತಿನಲ್ಲಿ, ಹೆಚ್ಚಾಗಿ ಮಳೆಗಾಲದಲ್ಲಿ, ಸುಲಿಯುವುದು. ಹೀಗಾಗಿ ಬಿಸಿನೀರು ಹೆಚ್ಚು ಬೇಕಾಗುವ ಆಷಾಢದಲ್ಲೇ ಗರಿಗರಿ ಒಣಗಿದ ಸಿಪ್ಪೆ ಕೈಗೆ ಸಿಗುತ್ತದೆ. ಮಡಲಿನ ಕೊತ್ತಳಿಗೆ, ತೆಂಗಿನ ಸಿಪ್ಪೆ, ಗೆರಟೆ ಇದರ ಜೊತೆಗೆ. ಅಡಿಕೆ ಹಾಳೆ ಮಾತ್ರ ಈಗ ತಟ್ಟೆ ಮಾಡುವವರ ಪಾಲು.

ಒಣ ಸಿಪ್ಪೆಯ ಶಾಖವನ್ನು ಕಿಲೋಗೆ 15 ಮೆಗಾಜೂಲ್ ಎಂದೂ ಹಳೆಯ ಹಂಡೆಯೊಲೆಯ ದಕ್ಷತೆಯನ್ನು ಶೇ. 20 ಎಂದೂ ಹಿಡಿದರೆ ಆ ನಾಲ್ಕು ಬಾಲ್ದಿ ನೀರಿಗೆ ದಿನಕ್ಕೆ 1.7 ಕಿಲೋ ಸಾಕು. ಆದರೆ ಉಳಿದ ನಾಲ್ಕು ಪಾಲು ಬಿಸಿ ಎಲ್ಲಿ ಹೋಯಿತೆಂದು ಒಲೆಯ ಬಾಯಿಯ ಮುಂದೆ ಕುಳಿತವರಿಗೆ ಗೊತ್ತು: ಮುಖಕ್ಕೆ, ಗೋಡೆಗೆ, ಹೊಗೆಗೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಅಡುಗೆಗೂ ಬಿಸಿನೀರಿಗೂ ಒಲೆಗಳನ್ನು ರೂಪಿಸಿತು. ಒಳಗೆ ಕಬ್ಬಿಣದ ಜಾಳಿಗೆ, ಅಳತೆಯ ಗಾಳಿಕಿಂಡಿ, ಪಾತ್ರೆಗೆ ಅಂಟಿಕೊಂಡೇ ಸಾಗುವ ಉರಿ, ಹಿಂದೆ ಹೊಗೆಗೊಳವೆ. ಇಷ್ಟರಲ್ಲೇ ಕಟ್ಟಿಗೆ ಅರ್ಧಕ್ಕೆ ಇಳಿಯಬಲ್ಲದು. ಹೊಗೆಗೊಳವೆ ಇಲ್ಲದ ಹಂಡೆಯೊಲೆಯನ್ನು ಮಾತ್ರ ಉಳಿತಾಯ ಎಂದು ನಾನು ಲೆಕ್ಕಕ್ಕೆ ಹಿಡಿಯಲಾರೆ. ಉಳಿದದ್ದು ಯಜಮಾನನ ಜೇಬಿನಲ್ಲಿ, ಕೆಮ್ಮು ಒಲೆ ಉರಿಸುವವಳಿಗೆ.

ಇನ್ನು ಅನ್ನ. ಬೆಳ್ತಿಗೆ ಅಕ್ಕಿ ಬೇಗ ಬೇಯುತ್ತದೆ. ಕುಚ್ಚಲಕ್ಕಿಗೆ ಮುಕ್ಕಾಲು ಗಂಟೆಯಾದರೂ ಬೇಕು. ನೀರು ಒಮ್ಮೆ ಕುದಿಗೆ ಬಂದ ಮೇಲೆ ಉರಿ ಎಷ್ಟು ದೊಡ್ಡದು ಮಾಡಿದರೂ ಅನ್ನ ಬೇಗ ಆಗುವುದಿಲ್ಲ, ಆವಿ ಹೆಚ್ಚುತ್ತದೆ ಅಷ್ಟೆ. ಅರ್ಧ ಲೀಟರ್ ನೀರು ಆವಿಯಾಗಲು ಸುಮಾರು 40 ಗ್ರಾಂ ಅನಿಲ ತಗಲುತ್ತದೆ. ದಿನವೂ ಅಷ್ಟು ಹಾರಿಹೋದರೆ ವರ್ಷಕ್ಕೆ 15 ಕಿಲೋ, ಅಂದರೆ ಒಂದು ಸಿಲಿಂಡರಿಗಿಂತ ತುಸು ಜಾಸ್ತಿ. ಅಕ್ಕಿಯನ್ನು ರಾತ್ರಿ ನೆನೆಹಾಕಿ, ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಥರ್ಮಲ್ ಕುಕ್ಕರಿನಲ್ಲಿ ಮುಚ್ಚಿಟ್ಟರೆ ಉಳಿದದ್ದು ತಾನಾಗಿ ಬೇಯುತ್ತದೆ. ಗಂಜಿಯ ತೆಳಿಯೂ ಕೈತಪ್ಪುವುದಿಲ್ಲ.

ಬೆಳ್ತಂಗಡಿಯ ಮಟ್ಟಿಗೆ ಇಂಥ ಪ್ರಯತ್ನಗಳಿಗೆ ಹಿನ್ನೆಲೆಯೇ ಇದೆ. 1982ರಲ್ಲಿ ಶುರುವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಗೋಬರ್ ಗ್ಯಾಸ್, ಸೋಲಾರ್ ದೀಪಗಳಿಗೆ ಸಾಲ ಕೊಡಿಸಿತು. ಆ ಕೆಲಸಕ್ಕೆ 2012ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿಯೂ ಬಂತು. ಸಾಲ ಸಿಕ್ಕಿದ್ದರಿಂದಲೇ ಹಲವು ಮನೆಗಳಿಗೆ ಇವು ಕೈಗೆಟುಕಿದವು. ಆದರೆ 2 ಘನ ಮೀಟರಿನ ಗೋಬರ್ ಗ್ಯಾಸಿಗೆ ದಿನಕ್ಕೆ 50 ಕಿಲೋ ಸೆಗಣಿ ಬೇಕು. ಹಟ್ಟಿ ಖಾಲಿಯಾದ ಮನೆಗಳಿಗೆ ಆ ದಾರಿ ಮುಚ್ಚಿದೆ.

2024ರ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿನ ಮಾಡಿನ ಸೋಲಾರಿಗೆ 78,000 ರೂಪಾಯಿ ಸಹಾಯಧನವಿದೆ. ತಿಂಗಳ ಬಿಲ್ಲೇ ಸೊನ್ನೆ ಬರುವವರಿಗೆ ಅದರಿಂದ ಲಾಭವಿಲ್ಲ. 200 ಯೂನಿಟ್ ದಾಟುವ ದೊಡ್ಡ ಮನೆಗಳಿಗೆ ಇದೆ. ಸೋಲಾರ್ ವಾಟರ್ ಹೀಟರನ್ನು ಮಾತ್ರ ಪೂರ್ತಿ ನೆಚ್ಚಬಾರದು. ಜೂನ್‌ನಿಂದ ಆಗಸ್ಟ್‌ವರೆಗೆ ಘಟ್ಟದ ಬುಡದಲ್ಲಿ ಸೂರ್ಯನ ಮುಖ ಕಾಣುವುದೇ ಅಪರೂಪ.

ಆದ್ದರಿಂದ ತೋಟವಿದ್ದು ಹೊಸ ಮನೆಯ ನಕ್ಷೆ ಮಾಡಿಸುತ್ತಿರುವವರಲ್ಲಿ ಒಂದು ವಿನಂತಿ: ಬಚ್ಚಲಿನ ಹೊರಗೋಡೆಗೆ ಹೊಗೆಗೊಳವೆಯಿರುವ ಒಂದು ಒಲೆ, ಪಕ್ಕದಲ್ಲಿ ಸಿಪ್ಪೆ ನೆನೆಯದಂತೆ ಒಂದು ಮಾಡು, ಇವೆರಡನ್ನು ಎಂಜಿನಿಯರರು ಬೇಡವೆಂದರೂ ಬರೆಸಿಕೊಳ್ಳಿ.