ಹೊಸ ಆವೃತ್ತಿ ಬಂದ ಮೇಲೆ ಹಳೆಯ ಆನ್‌ಲೈನ್ ಗೇಮ್ ಏನಾಗುತ್ತದೆ?

ಅಂತರ್ಜಾಲದ ಮೂಲಕ ಆಡುವ ಗೇಮ್‌ಗಳಿಗೆ ಎರಡು ಭಾಗಗಳಿರುತ್ತವೆ. ಒಂದು, ಆಟಗಾರನ ಫೋನ್ ಅಥವಾ ಕಂಪ್ಯೂಟರಿನಲ್ಲಿರುವ ತಂತ್ರಾಂಶ. ಇನ್ನೊಂದು, ಕಂಪನಿಯ ಸರ್ವರ್. ಲಾಗಿನ್, ಎದುರಾಳಿಗಳ ಜೋಡಣೆ, ಗಳಿಸಿದ ಅಂಕ, ಹಣ ಕೊಟ್ಟು ಕೊಂಡ ಉಡುಪುಗಳ ಲೆಕ್ಕ ಎಲ್ಲವೂ ಸರ್ವರ್‌ನಲ್ಲೇ ಇರುತ್ತದೆ. ಆದ್ದರಿಂದ ಹಳೆಯ ಎಪಿಕೆ ಕಡತವನ್ನು ಮೆಮೊರಿ ಕಾರ್ಡಿನಲ್ಲಿ ಎಷ್ಟೇ ಜೋಪಾನವಾಗಿ ಇಟ್ಟುಕೊಂಡರೂ ಸರ್ವರ್ ನಿಂತ ದಿನ ಆಟವೂ ನಿಲ್ಲುತ್ತದೆ.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉದಾಹರಣೆ ಪಬ್‌ಜಿ ಮೊಬೈಲ್. ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್ 2ರಂದು 118 ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಪಬ್‌ಜಿ ಮೊಬೈಲ್ ಮತ್ತು ಅದರ ಲೈಟ್ ಆವೃತ್ತಿ ಎರಡೂ ಇದ್ದವು. ಅಕ್ಟೋಬರ್ 30ರಂದು ಭಾರತದ ಆಟಗಾರರಿಗೆ ಸರ್ವರ್ ಸೇವೆ ನಿಂತಿತು. ಕೇರಳ ಲಾಟರಿಯಂತೆ ಗಡಿ ದಾಟಿದರೆ ಸಿಗುವ ವಸ್ತು ಇದಾಗಿರಲಿಲ್ಲ. ಕಲ್ಪೆಟ್ಟದಲ್ಲೂ ಗುಂಡ್ಲುಪೇಟೆಯಲ್ಲೂ ಒಟ್ಟಿಗೇ ನಿಂತಿತು.

2021ರ ಜುಲೈ 2ರಂದು ಕೊರಿಯಾದ ಕ್ರಾಫ್ಟನ್ ಕಂಪನಿ ಇದರ ಬದಲಿಗೆ ಬಿಜಿಎಂಐ ಬಿಡುಗಡೆ ಮಾಡಿತು. ಹಳೆಯ ಖಾತೆಯ ವಸ್ತುಗಳನ್ನು ಹೊಸದಕ್ಕೆ ವರ್ಗಾಯಿಸಲು ನಿಗದಿತ ಅವಧಿ ಕೊಡಲಾಗಿತ್ತು. ಅದನ್ನು ತಪ್ಪಿಸಿಕೊಂಡವರು ಕೊಟ್ಟ ದುಡ್ಡು ನೀರಿಗೆ ಹಾಕಿದಂತಾಯಿತು. ಕಡಿಮೆ ಮೆಮೊರಿಯ ಅಗ್ಗದ ಫೋನುಗಳಿಗಾಗಿ ಇದ್ದ ಲೈಟ್ ಆವೃತ್ತಿಗೆ ಆಗ ಬದಲಿಯೇ ಬರಲಿಲ್ಲ. ಹಳ್ಳಿಗಳ ಮಟ್ಟಿಗೆ ದೊಡ್ಡ ನಷ್ಟ ಇದೇ ಎನ್ನಬೇಕು.

2022ರ ಜುಲೈ 28ರಂದು ಬಿಜಿಎಂಐ ಕೂಡ ಪ್ಲೇ ಸ್ಟೋರ್‌ನಿಂದ ಮಾಯವಾಯಿತು. ಆದರೆ ಮೊದಲೇ ಇನ್‌ಸ್ಟಾಲ್ ಮಾಡಿಕೊಂಡಿದ್ದವರು ಆಡುತ್ತಲೇ ಇದ್ದರು, ಏಕೆಂದರೆ ಸರ್ವರ್ ನಿಂತಿರಲಿಲ್ಲ. 2023ರ ಮೇ ತಿಂಗಳಲ್ಲಿ ಅದು ಮರಳಿ ಬಂತು. ಇಂಥ ಸಮಯದಲ್ಲಿ "ಹಳೇ ವರ್ಷನ್" ಎಂದು ಕೈಯಿಂದ ಕೈಗೆ ಬರುವ ಎಪಿಕೆಗಳ ಬಗ್ಗೆ ಎಚ್ಚರ ಬೇಕು. ಗೇಮ್ ಒಂದು ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ ಅದರ ಕಣ್ಣು ಬ್ಯಾಂಕಿನ ಒಟಿಪಿ ಮೇಲಿರಬಹುದು.

ಕಂಪನಿ ಮನಸ್ಸು ಮಾಡಿದರೆ ಹಳೆಯದನ್ನು ಉಳಿಸಲು ಸಾಧ್ಯ. ಇಂಗ್ಲೆಂಡಿನ ಜಾಗೆಕ್ಸ್ ಕಂಪನಿ 2012ರಲ್ಲಿ ತನ್ನ ರೂನ್‌ಸ್ಕೇಪ್ ಗೇಮ್‌ನ ಕಾದಾಟದ ರೀತಿಯನ್ನೇ ಬದಲಿಸಿದಾಗ ಆಟಗಾರರು ಸಿಟ್ಟಾದರು. ಕಂಪನಿ 2007ರ ಆಗಸ್ಟ್ ತಿಂಗಳ ಬ್ಯಾಕಪ್ ಹುಡುಕಿ ತೆಗೆದು 2013ರ ಫೆಬ್ರವರಿಯಲ್ಲಿ ಹಳೆಯ ಆಟಕ್ಕೆ ಬೇರೆ ಸರ್ವರ್ ಕೊಟ್ಟಿತು. ಮುಂದೆ ಹೊಸದಕ್ಕಿಂತ ಹಳೆಯದನ್ನು ಆಡುವವರೇ ಹೆಚ್ಚಾದರು.

ಇದಕ್ಕೆ ವಿರುದ್ಧವಾದದ್ದು ಯೂಬಿಸಾಫ್ಟ್ ಕಂಪನಿಯ ಕಾರ್ ರೇಸ್ ಗೇಮ್ 'ದ ಕ್ರೂ'. 2024ರ ಮಾರ್ಚ್ 31ರಂದು ಸರ್ವರ್ ನಿಂತಾಗ ಡಿಸ್ಕ್ ಕೊಂಡವರಿಗೂ ಒಬ್ಬರೇ ಕುಳಿತು ಆಡಲೂ ಆಗಲಿಲ್ಲ. ಆನಂತರ ಆರಂಭವಾದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ 2025ರಲ್ಲಿ ಯುರೋಪಿನ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಸೇವೆ ನಿಲ್ಲಿಸುವಾಗ ಗೇಮ್ ಆಡುವ ಸ್ಥಿತಿಯಲ್ಲಿ ಉಳಿಯಬೇಕು ಎಂಬುದು ಅವರ ಬೇಡಿಕೆ.

ಸೈಬರ್ ಕೆಫೆ ಕಾಲದ ಕೌಂಟರ್ ಸ್ಟ್ರೈಕ್ 1.6ಕ್ಕೆ ಈ ತೊಂದರೆ ಇಲ್ಲ. ಅದರ ಸರ್ವರ್ ತಂತ್ರಾಂಶ ಆಟಗಾರರಿಗೂ ಸಿಗುತ್ತದೆ. ನಾಲ್ಕು ಕಂಪ್ಯೂಟರುಗಳನ್ನು ಲ್ಯಾನ್ ವಯರಿನಲ್ಲಿ ಜೋಡಿಸಿದರೆ ಇಂಟರ್‌ನೆಟ್ ಇಲ್ಲದೆಯೂ ಆಡಬಹುದು.