ಕೃದಂತ ವಿಶೇಷಣಗಳ ಜೋಡಣೆ

ಒಂದೇ ನಾಮಪದವನ್ನು ಹಲವು ಕ್ರಿಯೆಗಳಿಂದ ಗುರುತಿಸುವ ವಾಕ್ಯರಚನೆ. ಇಂಗ್ಲಿಷಿನ ಹೂ, ವಿಚ್, ದಟ್ ಉಪವಾಕ್ಯಗಳು ನಾಮಪದದ ನಂತರ ಬಂದರೆ, ಕನ್ನಡದ ಕೃದಂತ ವಿಶೇಷಣ ಅದಕ್ಕೆ ಮೊದಲೇ ನಿಲ್ಲುತ್ತದೆ. ಕರ್ತೃ ಒಂದೇ ಆದಾಗ ಕೊನೆಯ ಕ್ರಿಯೆಗಷ್ಟೇ ಕೃದಂತ ವಿಶೇಷಣದ ರೂಪ: ‘ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದ ನೇಕಾರರು ನೇಯ್ದು ಮಾರಿದ ಸೀರೆ’. ಕರ್ತೃ ಬದಲಾದರೆ ಎರಡೂ ಕೃದಂತ ವಿಶೇಷಣ, ನಡುವೆ ಅಲ್ಪವಿರಾಮ: ‘ಅತ್ತೆ ನೇಯ್ದ, ಸೊಸೆ ಉಟ್ಟ ಸೀರೆ’. ‘ಅರ್ಜಿ ಸಲ್ಲಿಸಿದ ಮತ್ತು ಶುಲ್ಕ ಕಟ್ಟಿದ ರೈತರು’ ಎಂಬ ಕಚೇರಿ ಶೈಲಿ ಅನುವಾದದ ಹೊರೆ. ‘ಅರ್ಜಿ ಸಲ್ಲಿಸಿ ಶುಲ್ಕ ಕಟ್ಟಿದ ರೈತರು’ ಎಂದರೆ ಸಾಕು. ಆದರೆ ರೂಪ ಬದಲಾದರೆ ಅರ್ಥವೂ ಬದಲಾದೀತು: ‘ನೇಯ್ದು ಮಾರಿದವರು’ ಒಂದೇ ಗುಂಪು. ‘ನೇಯ್ದವರೂ ಮಾರಿದವರೂ’ ಎರಡು ಗುಂಪಾಗಬಹುದು. ಕರಾರುಪತ್ರದಲ್ಲಿ ಈ ವ್ಯತ್ಯಾಸ ದುಡ್ಡಿನ ಪ್ರಶ್ನೆಯೇ ಆದೀತು. ಇಂಗ್ಲಿಷಿನಲ್ಲಿ ಕೆಲವರನ್ನಷ್ಟೇ ಬೇರ್ಪಡಿಸುವ ನಿರ್ಬಂಧಕ ಉಪವಾಕ್ಯಕ್ಕೆ ಅಲ್ಪವಿರಾಮ ಸೇರಿದರೆ, ಅರ್ಥ ಎಲ್ಲರಿಗೂ ಅನ್ವಯಿಸುವಂತೆ ಬದಲಾಗುತ್ತದೆ. ಕನ್ನಡದಲ್ಲಿ ಆ ಗುರುತಿಲ್ಲ; ‘ಮಗ್ಗ ಮಾರಿದ ನೇಕಾರರು’ ಎಲ್ಲರೋ ಕೆಲವರೋ ಎಂಬುದನ್ನು ಸಂದರ್ಭವೇ ತಿಳಿಸಬೇಕು.